ಓದುಗರ ಪ್ರಶ್ನೆ: ಮೊಮೆಂಟೋ, ಡೇಜೆಎಸ್ಸೋ?

ಪ್ರಶ್ನೆ: ಗಂಜ್‌ನ ಅಡತಿ ಅಂಗಡಿಯೊಂದಕ್ಕೆ ತೊಗರಿ ಲೆಕ್ಕದ ವೆಬ್‌ಪುಟ ಮಾಡುತ್ತಿದ್ದೇನೆ ಸರ್. ತಾರೀಖಿಗೆ ಜಾವಾಸ್ಕ್ರಿಪ್ಟ್ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡು) ಬೇಕು. ಮೊಮೆಂಟ್ ಹಾಕಲೋ, ಡೇಜೆಎಸ್ಸೋ? ಪುಕ್ಕಟೆ ಲೈಬ್ರರಿ ನಂಬಬಹುದಾ?
– ಓದುಗ, ಕಲಬುರಗಿ

ಉತ್ತರ: ಹೊಸ ಕೆಲಸಕ್ಕೆ ಮೊಮೆಂಟ್ ಬ್ಯಾಡ್ರಿ. ಹೊಸದೇನೂ ಸೇರಿಸುವುದಿಲ್ಲ, ಬೇರೆ ನೋಡಿಕೊಳ್ಳಿ ಅಂತ ಅದನ್ನು ನಡೆಸುವವರೇ 2020ರಲ್ಲಿ ಹೇಳಿಬಿಟ್ಟಿದ್ದಾರೆ. ಡೇಜೆಎಸ್ ಬರೆಯುವ ರೀತಿ ಹೆಚ್ಚುಕಡಿಮೆ ಅದೇ, ತೂಕ ಸುಮಾರು 2 ಕೆಬಿ. ಬರೀ ತಾರೀಖು ತೋರಿಸುವುದಾದರೆ ಅದೂ ಬೇಕಿಲ್ಲ. ಬ್ರೌಸರಿನಲ್ಲೇ ಇರುವ ಇಂಟ್ಲ್ (Intl) ಎಂಬ ಸೌಲಭ್ಯ ಕನ್ನಡದಲ್ಲೇ ತಿಂಗಳ ಹೆಸರು ಕೊಡುತ್ತದೆ.

ನಂಬಿಕೆಯ ಮಾತು ಬೇರೆ. 2016ರಲ್ಲಿ ಲೆಫ್ಟ್‌ಪ್ಯಾಡ್ ಎಂಬ 11 ಸಾಲಿನ ಕೋಡನ್ನು ಬರೆದವನೇ ಎನ್‌ಪಿಎಂನಿಂದ (ಇಂಥ ಲೈಬ್ರರಿಗಳ ಆನ್‌ಲೈನ್ ಉಗ್ರಾಣ) ತೆಗೆದ. ಅದನ್ನು ನೆಚ್ಚಿದ್ದ ದೊಡ್ಡ ದೊಡ್ಡವರ ಬಿಲ್ಡ್ (ಕೋಡು ಜೋಡಿಸಿ ಸಿದ್ಧ ಮಾಡುವ ಕೆಲಸ) ನಿಂತುಹೋಯಿತು. 2022ರಲ್ಲಿ ಕಲರ್ಸ್ ಲೈಬ್ರರಿಯನ್ನು ಅದರ ಕರ್ತೃವೇ ಬೇಕಂತಲೇ ಕೆಡಿಸಿದ.

ನಾನೂ ಪೆಟ್ಟು ತಿಂದವನೇ. ಯಾವ ಲೈಬ್ರರಿಯ ಯಾವ ಆವೃತ್ತಿ ಎಂದು ಬರೆದಿಡುವ ಲಾಕ್ ಫೈಲನ್ನು, ಕೋಡು ಕಾಪಿಡುವ ಗಿಟ್‌ಗೆ ಹಾಕದೆ ಗಿರಾಕಿಯ ಕಂಪ್ಯೂಟರಿನಲ್ಲಿ ಲೈಬ್ರರಿ ಇಳಿಸುವ ಎನ್‌ಪಿಎಂ ಇನ್‌ಸ್ಟಾಲ್ ಆಜ್ಞೆ ಹೊಡೆದೆ. ಯಾವುದೋ ಹೊಸ ಆವೃತ್ತಿ ಇಳಿಯಿತು. ಬಿಲ್ಲಿನ ತುಂಬ 'ಇನ್‌ವ್ಯಾಲಿಡ್ ಡೇಟ್'! ಸಾಹುಕಾರರು ಒಂದು ಮಾತೂ ಆಡದೆ ಕಿವಿ ಮೇಲಿನ ಪೆನ್ನು ತೆಗೆದು ತಾರೀಖು ತಾವೇ ಬರೆದರು. ಬೈದಿದ್ದರೆ ಚಲೋ ಇತ್ತು.

ಲಾಕ್ ಫೈಲ್ ಇಟ್ಟುಕೊಳ್ಳಿ, ಗಿರಾಕಿಯ ಕಂಪ್ಯೂಟರಿನಲ್ಲಿ ಎನ್‌ಪಿಎಂ ಸಿಐ ಆಜ್ಞೆ ಕೊಡಿ; ಲಾಕ್ ಫೈಲಿನಲ್ಲಿರುವ ಆವೃತ್ತಿಯೇ ಇಳಿಯುತ್ತದೆ. ತಾರೀಖಿನ ಕೆಲಸವೆಲ್ಲ ನಿಮ್ಮದೇ ಒಂದು ಫೈಲಿನಲ್ಲಿರಲಿ. ನಾಳೆ ಲೈಬ್ರರಿ ಬದಲಿಸಬೇಕಾದರೆ ಅದೊಂದನ್ನೇ ತಿದ್ದಿದರಾಯಿತು.