ಆಮೆ ಮರಿಯ ತಟ್ಟೆಗೆ ಏನು ಹಾಕೋದು?

ಪ್ರಶ್ನೆ: ನಮ್ಮದು ಸಕಲೇಶಪುರದ ಹತ್ತಿರ ಸಣ್ಣ ಕಾಫಿ ತೋಟ. ನನ್ನ ಮೈದುನ ಮಕ್ಕಳಿಗೆ ಅಂತ ಬೆಂಗಳೂರಿನಿಂದ ಒಂದು ಆಮೆ ಮರಿ ತಂದುಕೊಟ್ಟಿದ್ದಾನೆ. ಸುಲ್ಕಾಟಾ ಅಂತೆ, ಆಫ್ರಿಕಾದ್ದು. ಅಂಗೈಯಲ್ಲಿ ಕೂರುವಷ್ಟಿದೆ. ಸೌತೆಕಾಯಿ, ಟೊಮ್ಯಾಟೊ, ಕೋಸು, ಬಾಳೆಹಣ್ಣು ಹಾಕುತ್ತೇವೆ, ಚೆನ್ನಾಗಿ ತಿನ್ನುತ್ತದೆ. ಮಕ್ಕಳು ಆಗಾಗ ಅನ್ನ, ಬಿಸ್ಕತ್ತನ್ನೂ ಹಾಕುತ್ತಾರೆ. ಅಂಗಡಿಯವರು ಏನು ಕೊಟ್ಟರೂ ತಿನ್ನುತ್ತದೆ ಅಂದಿದ್ದರಂತೆ. ಈಗ ನೋಡಿದರೆ ಚಿಪ್ಪಿನ ಮೇಲೆ ಸಣ್ಣ ಸಣ್ಣ ಉಬ್ಬು ಎದ್ದ ಹಾಗಿದೆ. ಮಳೆ ಬೇರೆ ಹಿಡಿದುಬಿಟ್ಟಿದೆ. ಸಮತೋಲನ ಆಹಾರ ಅಂದರೆ ಏನು ಕೊಡಬೇಕು, ಎಷ್ಟು ಕೊಡಬೇಕು?
— ಓದುಗರೊಬ್ಬರು, ಸಕಲೇಶಪುರ

ಉತ್ತರ: ಏನು ಕೊಟ್ಟರೂ ತಿನ್ನುತ್ತದೆ ಅನ್ನೋದು ನಿಜವೇ. ತೊಂದರೆ ಶುರುವಾಗುವುದೇ ಅಲ್ಲಿಂದ. ಆಮೆ ಇಷ್ಟಪಟ್ಟು ತಿನ್ನುವುದಕ್ಕೂ ಅದರ ಹೊಟ್ಟೆಗೆ ಒಗ್ಗುವುದಕ್ಕೂ ಸಂಬಂಧ ಇಲ್ಲ.

ಸುಲ್ಕಾಟಾ ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಪ್ರಾಣಿ. ಸೆನೆಗಲ್‌ನಿಂದ ಸುಡಾನ್, ಇಥಿಯೋಪಿಯಾದವರೆಗೆ ಹಬ್ಬಿರುವ ಒಣ ಬಯಲಿನಲ್ಲಿ ಅದು ಹುಲ್ಲು, ಕಳೆ ಗಿಡ, ಒಣಗಿದ ಎಲೆ ತಿಂದು ಬದುಕುತ್ತದೆ. ಅಲ್ಲಿ ಅದಕ್ಕೆ ಹಣ್ಣು ಸಿಗುವುದೇ ಅಪರೂಪ. ಅದರ ದೊಡ್ಡ ಕರುಳಿನಲ್ಲಿ ನಾರನ್ನು ನಿಧಾನವಾಗಿ ಕೊಳೆಸಿ ಶಕ್ತಿ ತೆಗೆಯುವ ಸೂಕ್ಷ್ಮಜೀವಿಗಳಿವೆ. ಹಸುವಿನ ಹೊಟ್ಟೆಯಲ್ಲಿ ಮುಂದೆ ನಡೆಯುವ ಕೆಲಸ ಆಮೆಯಲ್ಲಿ ಹಿಂದೆ ನಡೆಯುತ್ತದೆ ಅಂದುಕೊಳ್ಳಿ. ಹಸುವಿಗೆ ಒಮ್ಮೆಲೇ ಅನ್ನ, ಹಲಸಿನ ಹಣ್ಣು ಸುರಿದರೆ ಹೊಟ್ಟೆ ಉಬ್ಬರಿಸುತ್ತದೆ ಅಂತ ನಿಮಗೆ ಹೇಳಿಕೊಡಬೇಕಿಲ್ಲ. ಬಾಳೆಹಣ್ಣು, ಅನ್ನ, ಬಿಸ್ಕತ್ತು ಆಮೆಗೂ ಅದನ್ನೇ ಮಾಡುತ್ತವೆ. ಸಕ್ಕರೆ, ಪಿಷ್ಟ ಜಾಸ್ತಿ ಆದರೆ ಒಳ್ಳೆಯ ಸೂಕ್ಷ್ಮಜೀವಿಗಳು ಕೆಡುತ್ತವೆ, ಭೇದಿ ಶುರುವಾಗುತ್ತದೆ. ಬಿಸ್ಕತ್ತು, ಅನ್ನ, ಹಾಲು, ಬ್ರೆಡ್ಡು, ನಾಯಿ-ಬೆಕ್ಕಿನ ಕಾಳು ಎಲ್ಲವನ್ನೂ ಇವತ್ತೇ ನಿಲ್ಲಿಸಿ. ಮಕ್ಕಳಿಗೆ ಬೈಯಬೇಡಿ, ಆಮೆಗೆ ಏನು ಬೇಕು ಅಂತ ತಿಳಿಸಿ ಹೇಳಿ, ಗರಿಕೆ ಕಿತ್ತು ತರುವ ಕೆಲಸವನ್ನು ಅವರಿಗೇ ಕೊಡಿ.

ಹೌದು, ಗರಿಕೆ. ಗಣಪತಿಗೆ ಏರಿಸುವ ಅದೇ ಗರಿಕೆ ಹುಲ್ಲು. ಈ ಮರಿಗೆ ಅದಕ್ಕಿಂತ ಒಳ್ಳೆ ಆಹಾರ ನನಗೆ ಗೊತ್ತಿಲ್ಲ, ಅದೂ ನಿಮ್ಮ ಅಂಗಳದಲ್ಲೇ ಪುಕ್ಕಟೆ ಸಿಗುತ್ತದೆ. ದಿನದ ಆಹಾರದಲ್ಲಿ ಮುಕ್ಕಾಲು ಪಾಲಾದರೂ ಹುಲ್ಲು ಮತ್ತು ಹುಲ್ಲಿನಂಥ ಸೊಪ್ಪೇ ಇರಬೇಕು. ಮರಿಯ ಬಾಯಿ ಸಣ್ಣದು, ಉದ್ದದ ಗರಿಕೆಯನ್ನು ಕತ್ತರಿಸಲು ಅದಕ್ಕೆ ಆಗುವುದಿಲ್ಲ, ಎಳೆದಾಡಿ ಬೇಜಾರಾಗಿ ಬಿಟ್ಟುಬಿಡುತ್ತದೆ. ಆಗ ಮನೆಯವರು ಇದು ಹುಲ್ಲು ತಿನ್ನೋದೇ ಇಲ್ಲ ಅಂತ ತೀರ್ಮಾನಿಸಿ ಮತ್ತೆ ಸೌತೆಕಾಯಿಗೆ ಹೋಗುತ್ತಾರೆ. ಹಾಗೆ ಮಾಡಬೇಡಿ. ಎಳೆ ತುದಿಗಳನ್ನು ಕತ್ತರಿಯಲ್ಲಿ ಭತ್ತದ ಕಾಳಿನಷ್ಟು ಸಣ್ಣಗೆ ಕತ್ತರಿಸಿ, ನೀರು ಚಿಮುಕಿಸಿ, ಅದು ಈಗ ಇಷ್ಟಪಡುವ ಸೌತೆಕಾಯಿಯ ತುರಿಯ ಜೊತೆ ಕಲಸಿ ಇಡಿ. ಸೌತೆಕಾಯಿ ಬಿಟ್ಟು ಹುಲ್ಲನ್ನು ಆರಿಸಿ ಪಕ್ಕಕ್ಕೆ ತಳ್ಳಲು ಅದಕ್ಕೆ ಬರದಷ್ಟು ಸಣ್ಣಗಿರಲಿ. ದಿನ ಕಳೆದ ಹಾಗೆ ಸೌತೆಕಾಯಿ ಕಡಿಮೆ ಮಾಡುತ್ತಾ ಬನ್ನಿ. ದಾರಿಗೆ ಬರುತ್ತದೆ, ಸ್ವಲ್ಪ ತಾಳ್ಮೆ ಬೇಕು ಅಷ್ಟೇ.

ಹುಲ್ಲಿನ ಜೊತೆಗೆ ದಾಸವಾಳದ ಎಲೆ ಮತ್ತು ಹೂವು, ಹಿಪ್ಪುನೇರಳೆ ಸೊಪ್ಪು, ಕುಂಬಳದ ಎಳೆ ಎಲೆ ಮತ್ತು ಹೂವು, ಗುಲಾಬಿ ದಳ, ಮುಳ್ಳು ಪೂರ್ತಿ ಸುಟ್ಟು ಕೆರೆದ ಪಾಪಾಸುಕಳ್ಳಿ ಇವೆಲ್ಲ ಬದಲಾಯಿಸಿ ಬದಲಾಯಿಸಿ ಕೊಡಬಹುದು. ಒಂದೇ ಸೊಪ್ಪನ್ನು ದಿನಾ ಹಾಕಬೇಡಿ. ಹಿಪ್ಪುನೇರಳೆ ನನಗೆ ವಿಶೇಷವಾಗಿ ಇಷ್ಟ, ಯಾಕೆಂದರೆ ರೇಷ್ಮೆ ಹುಳು ಔಷಧಿ ವಾಸನೆಗೇ ಸಾಯುತ್ತದೆ, ಹಾಗಾಗಿ ರೇಷ್ಮೆ ಸಾಕುವವರು ತಮ್ಮ ತೋಟದ ಸೊಪ್ಪಿನ ಬಗ್ಗೆ ತುಂಬಾ ಎಚ್ಚರವಾಗಿರುತ್ತಾರೆ. ಆದರೂ ತರುವ ಮೊದಲು ಒಂದು ಮಾತು ಕೇಳಿ. ನುಗ್ಗೆ ಸೊಪ್ಪು, ಕುದುರೆಮಸಾಲೆ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಇದೆ, ಪ್ರೋಟೀನೂ ಜಾಸ್ತಿ ಇದೆ, ಆದ್ದರಿಂದ ಅಪರೂಪಕ್ಕೆ ಒಂದು ಚಿಟಿಕೆ ಸಾಕು. ಮೊಳಕೆ ಕಾಳು ಬೇಡ.

ಈಗ ನೀವು ಹಾಕುತ್ತಿರುವುದರ ಲೆಕ್ಕ ನೋಡೋಣ. ಮರಿಯ ಮೂಳೆ, ಚಿಪ್ಪು ಬೆಳೆಯಲು ಕ್ಯಾಲ್ಸಿಯಂ ಬೇಕು, ಅದು ಆಹಾರದಲ್ಲಿನ ರಂಜಕದ ಎರಡು ಪಟ್ಟಾದರೂ ಇರಬೇಕು. 100 ಗ್ರಾಂ ಟೊಮ್ಯಾಟೊದಲ್ಲಿ ಕ್ಯಾಲ್ಸಿಯಂ ಸುಮಾರು 10 ಮಿಲಿಗ್ರಾಂ, ರಂಜಕ ಸುಮಾರು 24. ಬಾಳೆಹಣ್ಣಿನಲ್ಲಿ 5ಕ್ಕೆ 22. ಸೌತೆಕಾಯಿಯಲ್ಲೂ ರಂಜಕದ್ದೇ ಮೇಲುಗೈ, ಉಳಿದದ್ದೆಲ್ಲ ನೀರು. ಪೂರ್ತಿ ಉಲ್ಟಾ ಆಯಿತು ಅಲ್ವಾ? ರಂಜಕ ಜಾಸ್ತಿಯಾಗಿ ಕ್ಯಾಲ್ಸಿಯಂ ಸಾಲದೆ ಹೋದಾಗ ದೇಹ ತನ್ನ ಮೂಳೆಯಿಂದಲೇ ಅದನ್ನು ಕಿತ್ತುಕೊಳ್ಳುತ್ತದೆ, ಚಿಪ್ಪು ಮೆತ್ತಗಾಗುತ್ತದೆ, ಕಾಲು ಸೋಲುತ್ತದೆ. ಕೋಸನ್ನು ದಿನಾ ಕೊಟ್ಟರೆ ಥೈರಾಯ್ಡ್ ತೊಂದರೆ ಬರಬಹುದು. ಪಾಲಕ್, ದಂಟು, ಹರಿವೆ ಸೊಪ್ಪು ನಮಗೆ ಒಳ್ಳೆಯವು, ಆದರೆ ಅವುಗಳಲ್ಲಿನ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ಹೊರಗೆ ಸಾಗಿಸಿಬಿಡುತ್ತದೆ. ಇವುಗಳನ್ನು ದಿನದ ಸೊಪ್ಪು ಮಾಡಿಕೊಳ್ಳಬೇಡಿ.

ಕ್ಯಾಲ್ಸಿಯಂ ಪೂರೈಸಲು ಸುಲಭ ದಾರಿ ಇದೆ. ಗ್ರಂಧಿಗೆ ಅಂಗಡಿಯಲ್ಲಿ ಸಮುದ್ರದ ನೊರೆ ಅಂತ ಕೇಳಿ, ಪಂಜರದ ಹಕ್ಕಿಗಳಿಗೆ ಕಟ್ಟುವ ಕಟಲ್ ಬೋನ್ ಕೂಡ ಅದೇ. ಚೆನ್ನಾಗಿ ತೊಳೆದು ಒಣಗಿಸಿ. ಒಂದು ಬದಿ ಗಟ್ಟಿ, ಇನ್ನೊಂದು ಬದಿಯನ್ನು ಉಗುರಿನಲ್ಲಿ ಗೀರಿದರೂ ಸೀಮೆಸುಣ್ಣದ ಹಾಗೆ ಪುಡಿ ಉದುರುತ್ತದೆ. ಆ ಮೆತ್ತನೆಯ ಬದಿಯನ್ನು ಚಾಕುವಿನಲ್ಲಿ ಕೆರೆದು, ಚಿಟಿಕೆ ಪುಡಿಯನ್ನು ವಾರಕ್ಕೆ ಎರಡು ಮೂರು ಸಲ ಸೊಪ್ಪಿನ ಮೇಲೆ ಉದುರಿಸಿ. ಹಸುಗಳಿಗೆ ತಂದಿಟ್ಟ ಖನಿಜ ಮಿಶ್ರಣ ಮನೆಯಲ್ಲಿರಬಹುದು, ಅದನ್ನು ಮಾತ್ರ ಹಾಕಬೇಡಿ. ಅದರಲ್ಲಿ ರಂಜಕವೂ ಇರುತ್ತದೆ, ಬೇರೆ ಲೋಹದ ಲವಣಗಳೂ ಇರುತ್ತವೆ.

ಎಷ್ಟು ಅಂತ ಕೇಳಿದ್ದೀರಿ. ದಿನಕ್ಕೆ ಸುಮಾರು ಅದರ ಚಿಪ್ಪಿನಷ್ಟು ದೊಡ್ಡ ಗುಡ್ಡೆ ಸೊಪ್ಪು, ಬೆಳಿಗ್ಗೆ ಮೈ ಬೆಚ್ಚಗಾದ ಮೇಲೆ. ಹುಲ್ಲನ್ನು ಇನ್ನೂ ಸ್ವಲ್ಪ ಜಾಸ್ತಿ ತಿಂದರೂ ಪರವಾಗಿಲ್ಲ. ಮರಳು, ಮಣ್ಣಿನ ಮೇಲೆ ಹಾಕಬೇಡಿ, ಹೊಟ್ಟೆಗೆ ಹೋಗಿ ಕಟ್ಟಿಕೊಳ್ಳುತ್ತದೆ. ಒಂದು ಒರಟು ಹಂಚಿನ ಚೂರು ಅಥವಾ ಚಪ್ಪಟೆ ಕಲ್ಲು ಇಡಿ. ಅದರ ಮೇಲೆ ತಿನ್ನುತ್ತಾ ಕೊಕ್ಕೂ ಸವೆಯುತ್ತದೆ.

ತೋಟದವರು ನೀವು, ಅದಕ್ಕೇ ಈ ಮಾತನ್ನು ಒತ್ತಿ ಹೇಳುತ್ತೇನೆ. ಕಳೆನಾಶಕ ಹೊಡೆದ ಸಾಲಿನ ಹುಲ್ಲು, ಬೋರ್ಡೋ ದ್ರಾವಣ ಸಿಂಪಡಿಸಿದ ಕಾಫಿ, ಮೆಣಸು, ಅಡಿಕೆ ಮರಗಳ ಬುಡದ ಹುಲ್ಲು ಬೇಡವೇ ಬೇಡ. ಬೋರ್ಡೋದಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರ. ಮೇಲಿನಿಂದ ತೊಟ್ಟಿಕ್ಕಿದ್ದೆಲ್ಲ ಬುಡದ ಹುಲ್ಲಿಗೇ ಬರುತ್ತದೆ. ಅಷ್ಟು ಸಣ್ಣ ಜೀವಕ್ಕೆ ಸ್ವಲ್ಪವೂ ಹೆಚ್ಚೇ. ಅಡುಗೆಮನೆ ಹಿಂದೆ ಒಂದು ಹಳೆ ಬಾಂಡಲಿಯಲ್ಲೋ ಕ್ರೇಟಿನಲ್ಲೋ ಗರಿಕೆ ನೆಟ್ಟುಬಿಡಿ, ಚಿಂತೆಯೇ ಇರುವುದಿಲ್ಲ. ಲಂಟಾನ, ಕಾಂಗ್ರೆಸ್ ಗಿಡ, ಕಣಗಿಲೆ, ನಿತ್ಯಪುಷ್ಪ, ಉಮ್ಮತ್ತಿ, ಕೆಸು, ಮನಿ ಪ್ಲಾಂಟ್ ಯಾವುದೂ ಅದರ ಬಾಯಿಗೆ ಸಿಗಬಾರದು. ಹಾಸನದ ಕಡೆ ಆಲೂಗಡ್ಡೆ ಬೆಳೆಯುವವರು ಅದರ ಸೊಪ್ಪನ್ನೂ ಹಾಕಬಾರದು, ಆ ಎಲೆಯಲ್ಲಿ ಸೊಲನಿನ್ ಅನ್ನುವ ವಿಷವಿದೆ, ಮೇಲೆ ಅಂಗಮಾರಿಗೆ ಹೊಡೆದ ಔಷಧಿಯೂ ಇರುತ್ತದೆ.

ಇನ್ನು ಚಿಪ್ಪಿನ ಉಬ್ಬಿನ ವಿಚಾರ. ಪ್ರೋಟೀನ್ ಜಾಸ್ತಿಯಾದರೆ ಹೀಗಾಗುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಆದರೆ ಇದೇ ಸುಲ್ಕಾಟಾ ಮರಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರೋಟೀನ್‌ಗಿಂತ ಒಣ ಗಾಳಿಯೇ ಉಬ್ಬಿಗೆ ದೊಡ್ಡ ಕಾರಣ ಅಂತ ಕಂಡುಬಂತು. ಮರುಭೂಮಿಯ ಪ್ರಾಣಿಗೆ ತೇವ ಯಾಕೆ ಅನ್ನಬಹುದು. ಅಲ್ಲಿಯೂ ಅದು ಬಿಸಿಲಿಗೆ ಹೆದರಿ ಬಿಲ ತೋಡಿ ಕೂರುತ್ತದೆ, ಬಿಲದ ಒಳಗೆ ತಂಪು, ತೇವ ಎರಡೂ ಇರುತ್ತವೆ. ಮಲೆನಾಡಿನಲ್ಲಿ ಎಲ್ಲಿಯ ಒಣ ಗಾಳಿ ಅಂದುಕೊಳ್ಳಬೇಡಿ, ಮಳೆಗಾಲದಲ್ಲಿ ದಿನವಿಡೀ ಬಲ್ಬು ಉರಿಸಿದ ಡಬ್ಬಿಯ ಒಳಗೆ ಗಾಳಿ ಒಣಗಿಹೋಗುತ್ತದೆ. ಒಂದು ಮೂಲೆಯಲ್ಲಿ ಒದ್ದೆ ತೆಂಗಿನ ನಾರಿನ ಪುಡಿ ಹಾಕಿದ ಸಣ್ಣ ಗೂಡು ಮಾಡಿಕೊಡಿ. ಈಗಾಗಲೇ ಎದ್ದ ಉಬ್ಬು ಇಳಿಯುವುದಿಲ್ಲ, ಮುಂದೆ ಬೆಳೆಯುವ ಭಾಗ ನಯವಾಗಿ ಬರುತ್ತದೆ.

ದಿನಾ ಉಗುರು ಬೆಚ್ಚಗಿನ ನೀರಿನಲ್ಲಿ 15-20 ನಿಮಿಷ ಕೂರಿಸಿ. ನೀರು ಅದರ ಗದ್ದದವರೆಗೆ ಮಾತ್ರ ಬರಲಿ. ಅಲ್ಲೇ ಕತ್ತು ಚಾಚಿ ನೀರು ಕುಡಿಯುತ್ತದೆ, ಅಲ್ಲೇ ಹೇಲುತ್ತದೆ, ಉಚ್ಚೆಯ ಜೊತೆ ಬೆಳ್ಳಗಿನದ್ದು ಬರುತ್ತದೆ. ಅದನ್ನು ಬೆರಳಲ್ಲಿ ಮುಟ್ಟಿ ನೋಡಿ. ಟೂತ್‌ಪೇಸ್ಟಿನಂತೆ ಮೆತ್ತಗಿದ್ದರೆ ಸರಿ. ಮರಳಿನ ಹಾಗೆ ಗರಗರ ಅನ್ನಿಸಿದರೆ ನೀರು ಸಾಲುತ್ತಿಲ್ಲ, ಹಾಗೇ ಬಿಟ್ಟರೆ ಮೂತ್ರಕೋಶದಲ್ಲಿ ಕಲ್ಲಾಗುತ್ತದೆ. ಆಮೇಲೆ ಕೈಯನ್ನು ಸೋಪು ಹಾಕಿ ತೊಳೆಯಿರಿ, ಮಕ್ಕಳ ಕೈಯನ್ನಂತೂ ಮರೆಯಬೇಡಿ. ಆಮೆಗಳ ಮೈಮೇಲೆ ಸಾಲ್ಮೊನೆಲ್ಲಾ ಅನ್ನುವ, ನಮಗೆ ವಾಂತಿ-ಭೇದಿ ತರುವ ಬ್ಯಾಕ್ಟೀರಿಯಾ ಇರುವುದುಂಟು.

ಕೊನೆಗೆ ಬಿಸಿಲು. ಎಷ್ಟೇ ಕ್ಯಾಲ್ಸಿಯಂ ಉದುರಿಸಿದರೂ ಡಿ3 ವಿಟಮಿನ್ ಇಲ್ಲದೆ ಅದು ಮೈಗೆ ಹತ್ತುವುದಿಲ್ಲ, ಡಿ3 ಆಗಲು ಬಿಸಿಲಿನಲ್ಲಿರುವ ಯುವಿಬಿ ಅನ್ನುವ ನೇರಳಾತೀತ ಕಿರಣ ಬೇಕು. ಕಿಟಕಿ ಗಾಜಿನ ಹಿಂದಿನ ಬಿಸಿಲು ಉಪಯೋಗ ಇಲ್ಲ, ಗಾಜು ಆ ಕಿರಣವನ್ನು ತಡೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮಲ್ಲಿ ಸೂರ್ಯನ ಮುಖ ಕಾಣೋದೇ ಕಷ್ಟ, ಹಾಗಾಗಿ ಸರೀಸೃಪಗಳಿಗೆಂದೇ ಸಿಗುವ ಯುವಿಬಿ ಟ್ಯೂಬು ಹಾಕಲೇಬೇಕು. ಬೆಳಕು ಉರಿಯುತ್ತಿದ್ದರೂ ಅದರ ಕಿರಣ ಕುಂದುತ್ತಾ ಹೋಗುತ್ತದೆ, ಪೊಟ್ಟಣದ ಮೇಲೆ ಹೇಳಿದ ಅವಧಿಗೆ ಬದಲಾಯಿಸಿ. ಕಾಯಿಸಿಕೊಳ್ಳುವ ಜಾಗದಲ್ಲಿ ಸುಮಾರು 35 ಡಿಗ್ರಿ, ತಂಪು ಬದಿಯಲ್ಲಿ 26-28 ಇರಲಿ. ಮರಿಗೆ ರಾತ್ರಿಯೂ 24ಕ್ಕಿಂತ ಕೆಳಗಿಳಿಯದಿರುವುದು ಒಳ್ಳೆಯದು. ಕರೆಂಟು ಹೋದಾಗ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಬಿಸಿಲು ಬಂದ ದಿನ ಹೊರಗೆ ಬಿಡಿ, ಅರ್ಧ ಜಾಗಕ್ಕೆ ನೆರಳಿರಲಿ, ಮೇಲೆ ಜಾಲರಿ ಮುಚ್ಚಿ. ಕಾಗೆ, ಹದ್ದು, ಮುಂಗುಸಿಗೆ ಅದು ಒಂದು ತುತ್ತು.

ಇದು ದೊಡ್ಡದಾದರೆ 50 ಕೆಜಿಯ ಹತ್ತಿರ ಹೋಗುವ ಪ್ರಾಣಿ, 50 ವರ್ಷ ದಾಟಿ ಬದುಕಬಹುದು. ನಿಮ್ಮಲ್ಲಿ ಜಾಗವಿದೆ, ಅದು ಅದರ ಪುಣ್ಯ. ಇನ್ನೊಂದು, ವಿದೇಶಿ ಪ್ರಾಣಿಗಳ ನೋಂದಣಿಗೆ 2024ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಮಾಡಿಸಬೇಕು. ಮೈದುನನ ಹತ್ತಿರ ಕೊಂಡ ಕಾಗದ ಕೇಳಿ ಇಸಿದುಕೊಳ್ಳಿ.

ಪ್ರಶ್ನೆ: ಹಾಸನದಲ್ಲಿ ಎರಡನೇ ಮಹಡಿಯ ಮನೆ ನಮ್ಮದು. ದಿನಾ ಹುಲ್ಲು ತರಲು ಆಗುವುದಿಲ್ಲ. ಆಮೆಗೆ ಅಂತ ಬರುವ ಗುಳಿಗೆ ಆಹಾರವನ್ನೇ ಕೊಟ್ಟರೆ ಸಾಕಾ?
— ಹಾಸನ

ಉತ್ತರ: ಅದೊಂದೇ ಸಾಲದು. ನೆಲದ ಆಮೆಗೆ ಅಂತ ಬರೆದಿರುವ, ನಾರು ಜಾಸ್ತಿ ಇರುವ ಗುಳಿಗೆಯಾದರೆ ನೀರಲ್ಲಿ ನೆನೆಸಿ ವಾರಕ್ಕೆ ಒಂದೆರಡು ಸಲ ಕೊಡಿ. ನೀರಾಮೆಗಳ ಗುಳಿಗೆಯಲ್ಲಿ ಮೀನು, ಸೀಗಡಿ ಇರುತ್ತದೆ, ಅದು ಬೇಡ. ಬಾಲ್ಕನಿಯಲ್ಲಿ ಎರಡು ಟ್ರೇ ಗರಿಕೆ, ಒಂದು ಕುಂಡದಲ್ಲಿ ದಾಸವಾಳ ಬೆಳೆಸಿದರೆ ಒಂದು ಮರಿಗೆ ಬೇಕಾದಷ್ಟು ಸಿಗುತ್ತದೆ. ಒಂದು ಟ್ರೇ ಕತ್ತರಿಸುವಾಗ ಇನ್ನೊಂದು ಚಿಗುರುತ್ತಿರಲಿ.

ಪ್ರಶ್ನೆ: ಹೊಲದ ಬದುವಿನಲ್ಲಿ ಚಿಪ್ಪಿನ ಮೇಲೆ ಹಳದಿ ನಕ್ಷತ್ರದ ಗೆರೆಗಳಿರುವ ಸಣ್ಣ ಆಮೆ ಸಿಕ್ಕಿತು. ಮನೆಯಲ್ಲಿ ಇಟ್ಟುಕೊಂಡರೆ ಅದೃಷ್ಟ ಅನ್ನುತ್ತಾರೆ. ಏನು ತಿನ್ನಿಸಬೇಕು?
— ಅರಸೀಕೆರೆ

ಉತ್ತರ: ತಿನ್ನಿಸುವುದು ಬೇಡ, ದಯವಿಟ್ಟು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಅದು ನಕ್ಷತ್ರ ಆಮೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿಯ ನಂತರ ಅದು ಮೊದಲನೇ ಪಟ್ಟಿಯಲ್ಲಿದೆ, ಸಾಕುವುದು, ಮಾರುವುದು, ಕೊಳ್ಳುವುದು ಎಲ್ಲವೂ ಅಪರಾಧ. 2019ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರವನ್ನೂ ನಿಷೇಧಿಸಿದ್ದಾರೆ, ಯಾಕೆಂದರೆ ಈ ಅದೃಷ್ಟದ ಮಾತಿಗೇ ಸಾವಿರಾರು ಆಮೆಗಳನ್ನು ಚೀಲಗಳಲ್ಲಿ ತುಂಬಿ ಸಾಗಿಸುತ್ತಿದ್ದರು. ಅದನ್ನು ನೋಡಿದವರಿಗೆ ಅದೃಷ್ಟ ಅನ್ನುವ ಮಾತು ಬಾಯಿಗೆ ಬರುವುದಿಲ್ಲ. ಹತ್ತಿರದ ವಲಯ ಅರಣ್ಯಾಧಿಕಾರಿ ಕಚೇರಿಗೆ ತಿಳಿಸಿ. ಅವರು ಬರುವವರೆಗೆ ನೆರಳಿನಲ್ಲಿ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಡಿ, ಆಳವಿಲ್ಲದ ತಟ್ಟೆಯಲ್ಲಿ ನೀರಿಡಿ, ಅಷ್ಟು ಸಾಕು.

ಪ್ರಶ್ನೆ: ನಮ್ಮ ಸುಲ್ಕಾಟಾ ಮರಿ ಮಳೆ ಶುರುವಾದಾಗಿನಿಂದ ಮಂಕಾಗಿದೆ. ಎರಡು ದಿನದಿಂದ ಏನೂ ತಿಂದಿಲ್ಲ. ಮೂಗಿನಲ್ಲಿ ಗುಳ್ಳೆ ಬರುತ್ತಿದೆ. ಚಳಿಗೆ ದೀರ್ಘ ನಿದ್ದೆಗೆ ಹೋಗುತ್ತಿದೆ, ಬಿಟ್ಟುಬಿಡಿ ಅಂತ ಪಕ್ಕದ ಮನೆಯವರು ಹೇಳುತ್ತಾರೆ.
— ಮೂಡಿಗೆರೆ

ಉತ್ತರ: ಬಿಡಬೇಡಿ. ಸುಲ್ಕಾಟಾಕ್ಕೆ ಚಳಿಗಾಲದ ದೀರ್ಘ ನಿದ್ದೆ ಇಲ್ಲ. ಚಳಿಯಾದರೆ ಅದರ ಜೀರ್ಣಶಕ್ತಿ ನಿಲ್ಲುತ್ತದೆ, ಮೂಗಿನ ಗುಳ್ಳೆ ಶ್ವಾಸಕೋಶದ ಸೋಂಕಿನ ಲಕ್ಷಣ. ಬಾಯಿಗೆ ಬಲವಂತವಾಗಿ ಏನನ್ನೂ ತುರುಕಬೇಡಿ, ಮನುಷ್ಯರ ಮಾತ್ರೆ ಕೊಡಬೇಡಿ. ಡಬ್ಬಿಯನ್ನು ರಾತ್ರಿಯೂ ಸೇರಿ 28-30 ಡಿಗ್ರಿಯಷ್ಟು ಬೆಚ್ಚಗಿಟ್ಟು ಇವತ್ತೇ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಎಲ್ಲ ವೈದ್ಯರಿಗೂ ಆಮೆ ನೋಡಿ ಅಭ್ಯಾಸ ಇರುವುದಿಲ್ಲ, ಊರಿನಲ್ಲಿ ಯಾರೂ ಸಿಗದಿದ್ದರೆ ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಫೋನ್ ಮಾಡಿ ವಿಚಾರಿಸಿ. ಹೋಗುವಾಗ ಅದು ಕೊನೆಗೆ ಏನು ತಿಂದಿತ್ತು, ಡಬ್ಬಿಯ ಒಳಗೆ ಎಷ್ಟು ಡಿಗ್ರಿ ಇತ್ತು ಅಂತ ಬರೆದುಕೊಂಡು ಹೋಗಿ, ವೈದ್ಯರು ಮೊದಲು ಕೇಳುವುದೇ ಅದನ್ನು.