ಓದುಗರ ಪ್ರಶ್ನೆ: ಹಾರುವ ಸೀಟು, ಚಿನ್ನದ ಮೈ

ಈ ಸಲ ಎಲ್ಲ ಪ್ರಶ್ನೆಗಳೂ ಒಂದೇ ಸಿನಿಮಾದ ಮೇಲೆ: 1964ರಲ್ಲಿ ತೆರೆಕಂಡ ಜೇಮ್ಸ್ ಬಾಂಡ್ ಚಿತ್ರ ‘ಗೋಲ್ಡ್‌ಫಿಂಗರ್’. ನಿರ್ದೇಶಕ ಗೈ ಹ್ಯಾಮಿಲ್ಟನ್, ಬಾಂಡ್ ಆಗಿ ಶಾನ್ ಕಾನರಿ.

ಗುಂಡಿ ಒತ್ತಿದರೆ ಪಕ್ಕದವನು ಸೀಟು ಸಮೇತ ಬಾಂಡ್ ಕಾರಿನ ಚಾವಣಿಯಿಂದ ಹಾರಿಹೋಗುತ್ತಾನಲ್ಲ, ಅಷ್ಟು ದೊಡ್ಡ ಯಂತ್ರ ಆ ಕಾರಿನೊಳಗೆ ಹೇಗೆ ಹಿಡಿಸಿತು? (ಮೈಸೂರು)

ಹಿಡಿಸಲೇ ಇಲ್ಲ. ಅದು ಆ ಒಂದು ಶಾಟ್‌ಗಷ್ಟೇ ಕೂರಿಸಿದ ಸೀಟು. ಒತ್ತಿ ತುಂಬಿದ ಗಾಳಿಯಿಂದ ಚಿಮ್ಮುವಂಥದ್ದು, ಹಾರಿದ್ದು ಬೊಂಬೆ. ನಟ ಕೂತಿರುವ ಶಾಟ್‌ಗಳಲ್ಲಿ ಕಾಣುವುದು ಮಾಮೂಲಿ ಸೀಟು. ಆ್ಯಸ್ಟನ್ ಮಾರ್ಟಿನ್ ಡಿಬಿ5 ಕಾರಿನ ಮಿಕ್ಕ ಕರಾಮತ್ತುಗಳೂ ಹೀಗೆಯೇ. ಮುಂದಿನ ಇಂಡಿಕೇಟರ್ ಹಿಂದಿನಿಂದ ಹೊರಚಾಚುವ ಮೆಷಿನ್‌ಗನ್ ಬರೀ ಲೋಹದ ಕೊಳವೆ. ಅದರೊಳಗೆ ಅಸಿಟಿಲೀನ್ ಅನಿಲ ಬಿಟ್ಟು ಹೊತ್ತಿಸಿದರೆ ಗುಂಡು ಹಾರಿದಂತೆ ಬೆಂಕಿ ಕಕ್ಕುತ್ತದೆ. ಪಕ್ಕದ ಕಾರಿನ ಟೈರು ಸೀಳುವ ಅಲಗನ್ನು ಬೇರೆಯಾಗಿ ಹತ್ತಿರದಿಂದ ಚಿತ್ರೀಕರಿಸಿ ನಡುವೆ ಸೇರಿಸಿದರು. ನಿಜವಾಗಿ ಕೆಲಸ ಮಾಡುತ್ತಿದ್ದುದೆಂದರೆ ತಿರುಗುವ ನಂಬರ್ ಪ್ಲೇಟ್ ಮುಂತಾದ ಸರಳ ಮೋಟಾರು ಕೆಲಸಗಳು. ಇದನ್ನೆಲ್ಲ ಜೋಡಿಸಿದವರು ಸ್ಪೆಷಲ್ ಎಫೆಕ್ಟ್ಸ್‌ನ ಜಾನ್ ಸ್ಟಿಯರ್ಸ್. ಚಿತ್ರೀಕರಣಕ್ಕೆ ಬಳಸಿದ್ದು ಎರಡು ಕಾರು: ಒಂದು ಕರಾಮತ್ತಿಗೆ, ಇನ್ನೊಂದು ಓಡಿಸುವುದಕ್ಕೆ. ಹೊಟ್ಟೆ ತುಂಬ ಸಾಮಾನು ತುಂಬಿದ ಕಾರು ಘಾಟಿಯ ತಿರುವಿನಲ್ಲಿ ಮಾತು ಕೇಳುವುದಿಲ್ಲ.

ಬಾಂಡ್‌ನನ್ನು ಕಟ್ಟಿ ಮಲಗಿಸಿದ ಮೇಜನ್ನು ಲೇಸರ್ ಸೀಳುತ್ತ ಬರುವ ದೃಶ್ಯವನ್ನು ನಮ್ಮ ಕಿರುಚಿತ್ರದಲ್ಲಿ ಮಾಡಬಹುದೆ? (ಹುಬ್ಬಳ್ಳಿ)

ಮೂಲ ಕಾದಂಬರಿಯಲ್ಲಿ ಇದ್ದದ್ದು ಗರಗಸ. ಲೇಸರ್ 1960ರಲ್ಲಷ್ಟೇ ಹುಟ್ಟಿದ್ದರಿಂದ, ಹೊಸದು ಎಂದು ಸಿನಿಮಾದವರು ಅದನ್ನು ಹಿಡಿದರು. ಮೇಜನ್ನು ಮೊದಲೇ ಉದ್ದಕ್ಕೆ ಸೀಳಿ, ಸೀಳನ್ನು ಬೆಸುಗೆಯಿಂದ ಮುಚ್ಚಿ, ಬಣ್ಣ ಬಳಿದಿದ್ದರು. ಕೆಳಗೆ ಅಡಗಿ ಕೂತ ತಂತ್ರಜ್ಞ ಗ್ಯಾಸ್ ಟಾರ್ಚಿನಿಂದ ಆ ಗೆರೆಯನ್ನೇ ಕರಗಿಸುತ್ತ ಕಾನರಿಯ ಕಾಲುಗಳ ನಡುವೆ ಮುಂದೆ ಬಂದ. ಕೆಂಪು ಕಿರಣವನ್ನು ಆಮೇಲೆ ಲ್ಯಾಬಿನಲ್ಲಿ ಸೇರಿಸಿದರು. ಕಾನರಿ ಮುಖದ ಬೆವರು ಪೂರ್ತಿ ನಟನೆ ಇರಲಾರದು!

ನೀವು ಮಾಡುವುದಾದರೆ ಕಬ್ಬಿಣದ ತೆಳು ತಗಡು ತೆಗೆದುಕೊಳ್ಳಿ. ಅಲ್ಯೂಮಿನಿಯಂ ಬೇಡ: ಅದಕ್ಕೆ ಸಾಮಾನ್ಯ ಬೆಸುಗೆ ಹಿಡಿಯುವುದಿಲ್ಲ, ಶಾಖ ಬೇಗ ಹರಡಿ ಹಾಳೆ ಸೊಟ್ಟಗಾಗುತ್ತದೆ. ಸತುವಿನ ಲೇಪದ ತಗಡೂ ಬೇಡ, ಕಾದರೆ ಅದರ ಹೊಗೆ ಕೆಟ್ಟದ್ದು. ಸೀಳು 3 ಮಿಲಿಮೀಟರಿಗಿಂತ ಅಗಲವಾದರೆ ಬೆಸುಗೆ ಗೆರೆಯಾಗಿ ಕರಗದೆ ಉಂಡೆಯಾಗಿ ಬೀಳುತ್ತದೆ. ತವರ-ಸೀಸದ ಬೆಸುಗೆ 190 ಡಿಗ್ರಿ ಸೆಲ್ಸಿಯಸ್ ಹತ್ತಿರ ಕರಗಿಬಿಡುವುದರಿಂದ ದೊಡ್ಡ ಜ್ವಾಲೆ ಬೇಕಿಲ್ಲ. ಕೆಲಸ ಬಯಲಿನಲ್ಲಾಗಲಿ. ಮೇಜಿನ ಮೇಲೆ ಮನುಷ್ಯರನ್ನು ಮಲಗಿಸಬೇಡಿ. ಹುಲ್ಲು ತುಂಬಿದ ಪ್ಯಾಂಟು ಸಾಕು, ಮುಖದ ಶಾಟ್ ಬೇರೆ ತೆಗೆಯಿರಿ.

ಮೈಗೆಲ್ಲ ಬಂಗಾರದ ಬಣ್ಣ ಬಳಿದರೆ ಚರ್ಮಕ್ಕೆ ಉಸಿರು ಕಟ್ಟಿ ಸಾವು ಬರುತ್ತದೆಯೇ? ಮಗುವಿಗೆ ವೇಷ ಹಾಕಿಸಬೇಕಿದೆ. (ಶಿವಮೊಗ್ಗ)

ಚಿತ್ರದಲ್ಲಿ ಹಾಗೆ ಹೇಳುತ್ತಾರೆ, ತಪ್ಪು. ನಾವು ಉಸಿರಾಡುವುದು ಶ್ವಾಸಕೋಶದಿಂದ. ಆದರೆ ಅಪಾಯ ಇಲ್ಲವೆಂದಲ್ಲ: ಬೆವರಿನ ರಂಧ್ರ ಮುಚ್ಚಿದರೆ ಮೈಯ ಬಿಸಿ ಹೊರಹೋಗದೆ ಏರುತ್ತದೆ. ಶೂಟಿಂಗಿನ ದೀಪಗಳಡಿ ಇದು ಇನ್ನೂ ಬೇಗ. ಅಂದಿನ ನಂಬಿಕೆಯಂತೆ, ಚಿತ್ರದಲ್ಲಿ ಬಂಗಾರದ ಬಣ್ಣ ಬಳಿಸಿಕೊಂಡ ನಟಿ ಶರ್ಲಿ ಈಟನ್ ಹೊಟ್ಟೆಯ ಮೇಲೆ ಸ್ವಲ್ಪ ಜಾಗ ಬಿಟ್ಟು ಬಳಿದರು, ಸೆಟ್ಟಿನಲ್ಲಿ ವೈದ್ಯರೂ ಇದ್ದರು.

ಮಗುವಿಗೆ ಮುಖ, ಕೈ, ಕಾಲು ಸಾಕು. ಮಿಕ್ಕದ್ದಕ್ಕೆ ಹೊಳೆಯುವ ಬಟ್ಟೆ. ಗೋಡೆ ಅಥವಾ ಕಬ್ಬಿಣದ ಪೇಂಟು ಖಂಡಿತ ಬೇಡ. ಮೈಗೆಂದೇ ಮಾಡಿದ, ನೀರಿನಲ್ಲಿ ಕಲೆಸುವ ಬಣ್ಣ ತನ್ನಿ. ಹಿಂದಿನ ದಿನ ಮೊಣಕೈ ಒಳಭಾಗಕ್ಕೆ ಒಂದು ಬೊಟ್ಟು ಇಟ್ಟು ನೋಡಿ. ಮೊದಲು ತೆಳ್ಳಗೆ ಒಂದು ಲೇಪ, ಒಣಗಿದ ಮೇಲೆ ಇನ್ನೊಂದು. ಒಮ್ಮೆಗೇ ದಪ್ಪ ಬಳಿದರೆ ನಕ್ಕಾಗ ಕೆನ್ನೆಯಲ್ಲಿ ಬಿರುಕು ಬಿಡುತ್ತದೆ. ಕಣ್ಣಿನ ಅಂಚು, ತುಟಿ ಬಿಡಿ. ತೆಗೆಯುವಾಗ ಉಜ್ಜಬೇಡಿ, ಕೊಬ್ಬರಿ ಎಣ್ಣೆ ಹಚ್ಚಿ ಐದು ನಿಮಿಷ ಬಿಟ್ಟು ಹತ್ತಿಯಿಂದ ಒರೆಸಿ.

ಅಮೆರಿಕ ಸರ್ಕಾರದ ಖಜಾನೆ ಫೋರ್ಟ್ ನಾಕ್ಸ್‌ನ ಚಿನ್ನವನ್ನು ಕದಿಯದೆ ವಿಕಿರಣದಿಂದ ಕೆಡಿಸುವ ಹಂಚಿಕೆ ಖಳನಿಗೆ ಏಕೆ? (ಮಂಗಳೂರು)

ಇಯಾನ್ ಫ್ಲೆಮಿಂಗ್ ಕಾದಂಬರಿಯಲ್ಲಿ (1959) ಹೊತ್ತೊಯ್ಯುವುದೇ ಯೋಜನೆ. ತೂಕ ಲೆಕ್ಕ ಹಾಕಿದವರಿಗೆ ಅದು ಆಗದ ಮಾತು. ಚಿತ್ರಕಥೆಯವರು ಹಂಚಿಕೆ ಬದಲಿಸಿ, ಆ ತಕರಾರನ್ನೇ ಬಾಂಡ್ ಬಾಯಲ್ಲಿ ಹೇಳಿಸಿದರು: 15 ಶತಕೋಟಿ ಡಾಲರಿನ ಚಿನ್ನ 10,500 ಟನ್, ಅದನ್ನು 200 ಲಾರಿಗೆ ತುಂಬಲು 60 ಜನಕ್ಕೆ 12 ದಿನ. ತಮಾಷೆಯೆಂದರೆ ಈ ಲೆಕ್ಕವೂ ಕಚ್ಚಾ. ಆಗ ಔನ್ಸಿಗೆ (31.1 ಗ್ರಾಂ) 35 ಡಾಲರ್, ಭಾಗಿಸಿದರೆ 13,000 ಟನ್ ದಾಟುತ್ತದೆ. ಬಾಂಡ್ ಹೇಳಿದಷ್ಟೇ ಇಟ್ಟುಕೊಂಡರೂ ಲಾರಿಗೆ 52 ಟನ್ ಬೀಳುತ್ತದೆ, ಇಂದಿನ ಹತ್ತು ಚಕ್ರದ ಲಾರಿಯೂ ಹೊರಲಾರದು.

ಅಲ್ಲಿಯ ಖಜಾನೆಯೊಳಗೆ ಬಿಡದ ಕಾರಣ ಕಲಾ ನಿರ್ದೇಶಕ ಕೆನ್ ಆ್ಯಡಮ್ ಕಲ್ಪನೆಯಿಂದಲೇ ಲಂಡನ್ ಬಳಿಯ ಪೈನ್‌ವುಡ್ ಸ್ಟುಡಿಯೊದಲ್ಲಿ ಸೆಟ್ ಕಟ್ಟಿ, ಚಿನ್ನವನ್ನು ಆಳೆತ್ತರ ಮೀರಿ ಪೇರಿಸಿದರು. ಒಂದು ಘನ ಮೀಟರ್ ಚಿನ್ನ 19 ಟನ್ನಿಗೂ ಮಿಗಿಲು; ನಿಜವಾಗಿ ಹಾಗೆ ಪೇರಿಸಿದರೆ ನೆಲ ತಡೆಯಬೇಕಲ್ಲ. ಒಂದೊಂದು ಗಟ್ಟಿಯೇ ಸುಮಾರು 12.4 ಕಿಲೋ. ಚಿತ್ರದವರು ಅದನ್ನು ಹಗುರವಾಗಿ ಎತ್ತಿ ಆಡುವುದನ್ನು ಗಮನಿಸಿ.

ಖಳನ ದನಿ ತುಟಿಗೆ ಸರಿಯಾಗಿ ಕೂರುವುದಿಲ್ಲವೇಕೆ? (ಬೆಳಗಾವಿ)

ಖಳ ಗೋಲ್ಡ್‌ಫಿಂಗರ್ ಆದ ಗರ್ಟ್ ಫ್ರೋಬೆ ಜರ್ಮನ್ ನಟ, ಇಂಗ್ಲಿಷ್ ಅಷ್ಟಕ್ಕಷ್ಟೇ. ಕಂಠದಾನ ಮೈಕೆಲ್ ಕಾಲಿನ್ಸ್ ಎಂಬ ಇಂಗ್ಲಿಷ್ ನಟನದು.

ಪ್ರಚಾರ ಹೇಗೆ ಮಾಡಿದರು? (ಬೆಂಗಳೂರು)

ಕಾರು ಮತ್ತು ಚಿನ್ನದ ಹುಡುಗಿ, ಎರಡನ್ನೇ ಹಿಡಿದು. ಲೈಫ್ ಪತ್ರಿಕೆಯ ನವೆಂಬರ್ 1964ರ ಮುಖಪುಟಕ್ಕೆ ಬಣ್ಣ ಬಳಿದ ಈಟನ್ ಬಂದರು. ಊರೂರು ತಿರುಗಿಸಲೆಂದೇ ಇನ್ನೆರಡು ಡಿಬಿ5 ಸಿದ್ಧವಾದವು. 1964ರ ಸೆಪ್ಟೆಂಬರ್ 17ರಂದು ಲಂಡನ್ನಿನ ಓಡಿಯನ್ ಚಿತ್ರಮಂದಿರದಲ್ಲಿ ಮೊದಲ ಪ್ರದರ್ಶನ; ನೂಕುನುಗ್ಗಲಿಗೆ ಗಾಜು ಒಡೆಯಿತು. ನ್ಯೂಯಾರ್ಕಿನ ಡಿಮಿಲ್ ಚಿತ್ರಮಂದಿರ ಹಗಲೂ ರಾತ್ರಿ ಆಟ ನಡೆಸಿತು.

ಆದರೆ ಮಕ್ಕಳ ಕೈಗೆ ಕಾರನ್ನು ಕೊಟ್ಟದ್ದು ಕಾರ್ಗಿ ಕಂಪನಿಯ 1965ರ ಆಟಿಕೆ. ಗುಂಡಿ ಒತ್ತಿದರೆ ಚಾವಣಿ ತೆರೆದು ಬೆರಳ ತುದಿಯಷ್ಟು ಮನುಷ್ಯ ಹಾರುತ್ತಾನೆ. ಮಂಚದಡಿ ಕಳೆದುಹೋಗುತ್ತಾನೆಂದು ಗೊತ್ತಿದ್ದೇ ಡಬ್ಬಿಯಲ್ಲಿ ಇನ್ನೊಬ್ಬನನ್ನು ಇಟ್ಟಿದ್ದರು! ಸಿನಿಮಾದ ಕಾರು ಬೆಳ್ಳಿ ಬಣ್ಣದ್ದು, ಆಟಿಕೆ ಬಂಗಾರದ್ದು. ಬೆಳ್ಳಿ ಬಳಿದರೆ ಬಣ್ಣವನ್ನೇ ಹಚ್ಚದ ಬರಿ ಲೋಹದಂತೆ ಕಾಣುತ್ತಿತ್ತು, ಅದಕ್ಕೆ.

ಕನ್ನಡದಲ್ಲಿ ಇದರ ಪ್ರಭಾವ? (ಚಿತ್ರದುರ್ಗ)

1968ರ ‘ಜೇಡರ ಬಲೆ’ ನೋಡಿ. ದೊರೈ-ಭಗವಾನ್ ನಿರ್ದೇಶನ, ರಾಜ್‌ಕುಮಾರ್ ಸಿಐಡಿ 999. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’ ಕೂಡ ಬಂತು.