ಮಗಳ ಕಾಲೇಜು ಫೀಸಿಗೆ ಗಾರ್ಮೆಂಟ್ಸ್ ಕೆಲಸ ಬಿಟ್ಟು ಪಿಎಫ್ ಬಿಡಿಸಿಕೊಳ್ಳಲೇ?

ಬೇಡ ಅಕ್ಕ, ರಾಜೀನಾಮೆ ಬರೆಯಬೇಡಿ. ಕೆಲಸ ಬಿಟ್ಟರೆ ಮಾತ್ರ ಪಿಎಫ್ ಸಿಗುತ್ತದೆ ಎಂದುಕೊಂಡಿದ್ದೀರಿ, ಅದೇ ತಪ್ಪು. ಪೀಣ್ಯ, ಬೊಮ್ಮನಹಳ್ಳಿ ಕಡೆ ಜೂನ್ ಬಂತೆಂದರೆ ಹೊಲಿಗೆ ಲೈನ್‌ಗಳಲ್ಲಿ ಇದೇ ಮಾತು. ಆ ಹಣದ ಬೆಲೆ ನನಗೆ ಗೊತ್ತು. ಪಿಎಫ್ ಬಿಡಿಸಲು ಸರ್ಕಾರ ತಡೆ ಹಾಕಿದಾಗ 2016ರ ಏಪ್ರಿಲ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ಹೊಸೂರು ರಸ್ತೆಗಿಳಿದು ಆ ನಿಯಮವನ್ನೇ ವಾಪಸ್ ತೆಗೆಸಿದರು.

ನಿಮಗೆ ಈ ಫ್ಯಾಕ್ಟರಿಯಲ್ಲಿ ನಾಲ್ಕು ವರ್ಷ ನಾಲ್ಕು ತಿಂಗಳು, ಹಿಂದಿನದರಲ್ಲಿ ನಾಲ್ಕು ವರ್ಷ ಎಂದಿದ್ದೀರಿ. ಇನ್ನು ಎಂಟು ತಿಂಗಳು ಕಳೆದರೆ ಇಲ್ಲಿ ಐದು ತುಂಬಿ ಗ್ರ್ಯಾಚ್ಯುಟಿಗೆ, ಅಂದರೆ ಒಂದೇ ಕಡೆ ಐದು ವರ್ಷ ದುಡಿದವರಿಗೆ ಕೆಲಸ ಬಿಡುವಾಗ ಸಿಗುವ ಹಣಕ್ಕೆ, ಹಕ್ಕು ಬರುತ್ತದೆ. ತಿಂಗಳ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಕೂಡಿಸಿ, 26ರಿಂದ ಭಾಗಿಸಿ, 15ರಿಂದ ಗುಣಿಸಿ: ಅದು ಒಂದು ವರ್ಷದ್ದು. 13,000 ಇದ್ದರೆ ವರ್ಷಕ್ಕೆ 7,500, ಐದು ವರ್ಷಕ್ಕೆ 37,500 ರೂಪಾಯಿ. ನಿಮ್ಮ ಸಂಬಳದಲ್ಲಿ ಹಿಡಿದ ದುಡ್ಡಲ್ಲ ಇದು, ಮಾಲೀಕರು ತಮ್ಮ ಕೈಯಿಂದ ಕೊಡಬೇಕಾದದ್ದು. ಪಿಎಫ್ ಆದರೆ ಯುಎಎನ್ ಎಂಬ ನಿಮ್ಮ ಖಾಯಂ ಪಿಎಫ್ ನಂಬರಿನ ಜೊತೆ ಹೊಸ ಫ್ಯಾಕ್ಟರಿಗೂ ಬರುತ್ತದೆ, ಗ್ರ್ಯಾಚ್ಯುಟಿಯ ವರ್ಷಗಳು ಬರುವುದಿಲ್ಲ. “ಒಂದು ತಿಂಗಳು ಮನೇಲಿರು, ಪಿಎಫ್ ಬಿಡಿಸ್ಕೊ, ಆಮೇಲೆ ಇಲ್ಲೇ ಸೇರ್ಕೊ” ಎಂದು ಸೂಪರ್‌ವೈಸರ್ ಹೇಳಿದರೆ ಅದನ್ನು ಉಪಕಾರ ಎಂದುಕೊಳ್ಳಬೇಡಿ. ಹೊಸದಾಗಿ ಸೇರಿಸಿಕೊಂಡ ದಿನದಿಂದ ಸೇವೆಯ ಲೆಕ್ಕ ಮತ್ತೆ ಸೊನ್ನೆ.

ಇನ್ನೊಂದು ಪೆಟ್ಟು ಪಿಎಫ್ ಜೊತೆಗೇ ಇರುವ ಪೆನ್ಷನ್‌ಗೆ. ಸೈಬರ್ ಸೆಂಟರಿನಲ್ಲಿ ಪಿಎಫ್ ಬಿಡಿಸುವ ಫಾರಂ 19ರ ಜೊತೆ ಫಾರಂ 10ಸಿಯನ್ನೂ ತುಂಬಿ ಕಳಿಸಿಬಿಡುತ್ತಾರೆ. 10ಸಿಯಲ್ಲಿ ಪೆನ್ಷನ್ ಹಣ ತೆಗೆದರೆ ನಿಮ್ಮ ಎಂಟು ವರ್ಷವೂ ಅಳಿಸಿಹೋಗುತ್ತದೆ. ಪೆನ್ಷನ್‌ಗೆ ಬೇಕಾದದ್ದು ಹತ್ತು ವರ್ಷ, ನಿಮಗೆ ಉಳಿದಿರುವುದು ಎರಡೇ.

ಫೀಸಿಗೆ ಹೀಗೆ ಮಾಡಿ. ಹಳೆ ಫ್ಯಾಕ್ಟರಿಯ ಪಿಎಫ್ ಅನ್ನು ಮೊದಲು ಈಗಿನ ಖಾತೆಗೆ ವರ್ಗಾಯಿಸಿ, ಎಂಟೂ ವರ್ಷ ಒಟ್ಟಿಗೆ ಲೆಕ್ಕಕ್ಕೆ ಬರಲಿ. ಆಮೇಲೆ ಕೆಲಸದಲ್ಲಿದ್ದುಕೊಂಡೇ ಫಾರಂ 31ರಲ್ಲಿ ಮಕ್ಕಳ ಓದಿಗೆಂದು ಮುಂಗಡ ಕೇಳಿ. ಅರ್ಜಿ ತಿರಸ್ಕಾರವಾಗುವುದು ಹೆಚ್ಚಾಗಿ ಆಧಾರ್‌ನ ಹೆಸರು ಅಥವಾ ಹುಟ್ಟಿದ ತಾರೀಖು ಪಿಎಫ್ ದಾಖಲೆಗೆ ಹೊಂದದೆ. ಇನಿಷಿಯಲ್ ಒಂದರ ವ್ಯತ್ಯಾಸವೂ ಸಾಕು, ಅದನ್ನು ಈಗಲೇ ಸರಿಪಡಿಸಿಕೊಳ್ಳಿ. ಖಾತೆಯಲ್ಲಿ ಎಷ್ಟಿದೆ ಎಂದು ತಿಳಿಯಲು ಯುಎಎನ್‌ಗೆ ಜೋಡಿಸಿದ ಫೋನಿನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಡಿ.

ಕರ್ನಾಟಕ ಕಾರ್ಮಿಕ ಕಲ್ಯಾಣ ಮಂಡಳಿಯ ಶೈಕ್ಷಣಿಕ ಸಹಾಯಧನಕ್ಕೂ ಅರ್ಜಿ ಹಾಕಿ. ವರ್ಷಕ್ಕೊಮ್ಮೆ ಪೇ ಸ್ಲಿಪ್ಪಿನಲ್ಲಿ ಕಡಿತವಾಗುವ ಆ ಸಣ್ಣ ಮೊತ್ತ ಈ ಮಂಡಳಿಗೇ ಹೋಗುವುದು. ಅರ್ಜಿಗೆ ಫ್ಯಾಕ್ಟರಿಯ ದೃಢೀಕರಣ ಬೇಕು, ಎಚ್‌ಆರ್ ಹಿಂದೆ ಬಿದ್ದು ಮಾಡಿಸಿಕೊಳ್ಳಿ.

ಐದು ವರ್ಷ ತುಂಬುವ ಮೊದಲು ಯಾರಾದರೂ ತಾವೇ ಬರೆದ ರಾಜೀನಾಮೆ ಪತ್ರ ನಿಮ್ಮ ಮುಂದಿಟ್ಟರೆ ಸಹಿ ಹಾಕಬೇಡಿ. ಮುಂದೆ ಕೆಲಸ ಬಿಟ್ಟಾಗ ಗ್ರ್ಯಾಚ್ಯುಟಿಗೆ ಬರಹದಲ್ಲೇ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ. 30 ದಿನದಲ್ಲಿ ಹಣ ಬಾರದಿದ್ದರೆ ಆ ಪ್ರತಿ, ಪೇ ಸ್ಲಿಪ್, ಐಡಿ ಕಾರ್ಡ್ ಹಿಡಿದು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ ದೂರು ಕೊಡಿ.